ರಾಜ್ಯೋತ್ಸವದ ಊಟಕ್ಕೆ ಕಾಲುಸಾರು ಬೇಡವೇ?

ದೆಹಲಿಯ ಚಳಿಗಾಲದಲ್ಲಿ ಜಾಮಾ ಮಸೀದಿಯ ಆಸುಪಾಸಿನಲ್ಲಿ, ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ನಿಹಾರಿಗಾಗಿ ಜನ ಬೆಳಗಾಗುತ್ತಲೇ ಸೇರುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಮಂಡ್ಯ ಸೀಮೆಯ ಕಾಲುಸಾರು: ಕೂದಲು ಸುಟ್ಟು ಕೆರೆದ ಕುರಿಯ ಕಾಲುಗಳು; ಮೆಣಸು, ಚಕ್ಕೆ, ಲವಂಗ, ಸುಟ್ಟ ಈರುಳ್ಳಿ ಸೇರಿಸಿ ಅರೆದ ಖಾರ; ಮೂಳೆಯ ಅಂಟು ಸಾರಿಗಿಳಿಯುವವರೆಗೆ 3-4 ಗಂಟೆಗಳ ಕುದಿ; ಜೊತೆಗೆ ರಾಗಿಮುದ್ದೆ. (ಕುಕ್ಕರಿನಲ್ಲಿ ಬೆಂದದ್ದಕ್ಕೆ ಆ ರುಚಿಯಿಲ್ಲವೆಂಬುದು ನನ್ನ ಹಟ.) ಆದರೆ ನಮ್ಮ ಸಂಘದ ರಾಜ್ಯೋತ್ಸವದ ಊಟ ಬಿಸಿಬೇಳೆ ಭಾತು, ಹೋಳಿಗೆಗಳನ್ನು ದಾಟಿದ್ದೇ ಇಲ್ಲ. ‘ಕನ್ನಡದ ಅಡುಗೆ’ ಎಂದು ಫಲಕ ತೂಗುಹಾಕುವ ನಾವು ಎಷ್ಟು ಕನ್ನಡಿಗರ ಒಲೆಗಳನ್ನು ಹೊರಗಿಟ್ಟಿದ್ದೇವೆ? ಸಸ್ಯಾಹಾರಿಗಳ ಪಂಕ್ತಿ ಪ್ರತ್ಯೇಕವಾಗಿಯೇ ಇರಲಿ, ಆಕ್ಷೇಪವಿಲ್ಲ. ಬರುವ ನವೆಂಬರಿನಲ್ಲಿ ಕಾಲುಸಾರಿನ ಪಾತ್ರೆಯೊಂದೂ ಒಲೆಯೇರಲಿ. ಕಾಲು ಸುಟ್ಟು ಕೆರೆಯುವ ಕೆಲಸ ನನ್ನದು.