ಶಾಲು ಆಮೇಲೆ ಹೆಣೆಯೋಣ, ಮೊದಲು ಬಟ್ಟೆ ಕೊಡಿಸಿ

ನಮ್ಮ ಜಿಲ್ಲೆಯಲ್ಲಿ ಶಾಲಿಗೆ ಬರವಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ತಾಲ್ಲೂಕಿನ ಯಾವ ಸಮಾರಂಭಕ್ಕೆ ಹೋದರೂ ಮೊದಲ ಅರ್ಧ ಗಂಟೆ ಶಾಲು ಹೊದಿಸುವುದರಲ್ಲೇ ಕಳೆಯುತ್ತದೆ. ಶಾಸಕರಿಗೆ ಶಾಲು, ಅವರ ಜೊತೆ ಬಂದವರಿಗೆ ಶಾಲು, ಡೇರಿ ಅಧ್ಯಕ್ಷರಿಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಕಾರು ಹತ್ತುವ ಹೊತ್ತಿಗೆ ಆ ಶಾಲು ಡ್ರೈವರ್ ಕೈಗೆ ಹೋಗಿರುತ್ತದೆ.

ಈಗ ಇನ್ನೊಂದು ಬಗೆಯ ಶಾಲಿನ ಮಾತು ಬಂದಿದೆ. ಅಮೆರಿಕದಂಥ ಕಡೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಆಸ್ಪತ್ರೆಗೋ ಆಶ್ರಯ ಕೇಂದ್ರಕ್ಕೋ ಬರುವ ಹೆಣ್ಣುಮಕ್ಕಳಿಗೆಂದು ಸ್ವಯಂಸೇವಕರು ಉಲ್ಲನ್ ದಾರದಲ್ಲಿ ಸ್ಕಾರ್ಫು, ಶಾಲು ಹೆಣೆದು ಕಳಿಸುತ್ತಾರೆ. ಕೆಲವರು ಕಡ್ಡಿಯಲ್ಲಿ, ಕೆಲವರು ಕ್ರೋಷಾ ಕೊಕ್ಕೆಯಲ್ಲಿ. ಹೆಣೆದವಳಿಗೆ ಹೊದೆಯುವವಳ ಹೆಸರು ಗೊತ್ತಿರುವುದಿಲ್ಲ, ಮುಖ ಗೊತ್ತಿರುವುದಿಲ್ಲ. ಇಂಥ ಕೆಲಸವನ್ನು ನಮ್ಮ ಸ್ತ್ರೀಶಕ್ತಿ ಸಂಘಗಳೂ ಮಾಡಬಾರದೇಕೆ ಎಂದು ಕೆಲವರು ಕೇಳುತ್ತಿದ್ದಾರೆ.

ಕೈಕೆಲಸ ಬಲ್ಲವರಿಗೇನೂ ಇಲ್ಲಿ ಕೊರತೆಯಿಲ್ಲ. ಬಾಗಿಲ ತೋರಣ, ಟಿ.ವಿ. ಮೇಲಿನ ಹೊದಿಕೆ, ಬಾಣಂತಿ ಮನೆಯ ಕುಲಾವಿ, ಎಲ್ಲ ಮನೆಯಲ್ಲೇ ಆಗುತ್ತವೆ. ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ನೂಲು ಬಿಚ್ಚುವವರು ನಮ್ಮ ಹೆಂಗಸರು. ಬೆಳಗಿನ ಜಾವ ವ್ಯಾನು ಹತ್ತಿ ಗಾರ್ಮೆಂಟ್ಸ್‌ಗೆ ಹೋಗಿ ಹೊರದೇಶದವರ ಅಂಗಿ ಹೊಲಿದು ಕತ್ತಲಾದ ಮೇಲೆ ಮನೆ ಸೇರುವವರೂ ಅವರೇ.

ಹೆಣೆಯುವವರ ಮೇಲೆ ನಮಗೆ ತಕರಾರಿಲ್ಲ. ಗುರುತು ಪರಿಚಯ ಇಲ್ಲದ ಹೆಂಗಸೊಬ್ಬಳು ತನಗಾಗಿ ದಿನಗಟ್ಟಲೆ ಕೂತು ದಾರ ಹೆಣೆದಳು ಎಂಬುದು, ಮನೆಯವರೇ ಮುಖ ತಿರುಗಿಸಿದ ಹುಡುಗಿಗೆ ಸಣ್ಣ ಮಾತಲ್ಲ. ನಮ್ಮ ಅಂಜಿಕೆ ಬೇರೆ. ಇಲ್ಲಿ ಇದು ಶುರುವಾದರೆ ಮೊದಲು ವೇದಿಕೆ ಬರುತ್ತದೆ, ಬ್ಯಾನರ್ ಬರುತ್ತದೆ, ಹೊದಿಸಿದವರ ಫೋಟೊ ಬರುತ್ತದೆ. ಅವಳಿಗೆ ಕಾನೂನಿನ ಪ್ರಕಾರ ಸಿಗಬೇಕಾದ ಬಟ್ಟೆಯನ್ನು ಕೇಳುವವರು ಇಲ್ಲವಾಗುತ್ತಾರೆ.

ಹೌದು, ಬಟ್ಟೆಯ ಮಾತು ಸರ್ಕಾರದ ಕಾಗದದಲ್ಲೇ ಇದೆ. ಅತ್ಯಾಚಾರದ ದೂರಿನಲ್ಲಿ ಮೈಮೇಲಿನ ಬಟ್ಟೆ ಸಾಕ್ಷ್ಯ. ಆಸ್ಪತ್ರೆಯಲ್ಲಿ ಅದನ್ನು ತೆಗೆಸಿ, ನೆರಳಲ್ಲಿ ಒಣಗಿಸಿ, ಕಾಗದದ ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತುತ್ತಾರೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ತೇವಕ್ಕೆ ಸಾಕ್ಷ್ಯ ಕೆಡುತ್ತದೆ. ಹಾಗಾದರೆ ಅವಳು ಏನು ಉಟ್ಟುಕೊಂಡು ಮನೆಗೆ ಹೋಗಬೇಕು? ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೆ ಉತ್ತರವಿದೆ. ಪರೀಕ್ಷೆಗೆ ಸಿದ್ಧ ಇರಬೇಕಾದ ಸಾಮಗ್ರಿಗಳ ಪಟ್ಟಿಯಲ್ಲಿ ಹತ್ತಿ, ಕತ್ತರಿ, ಗಾಜಿನ ಪಟ್ಟಿಗಳ ಜೊತೆಗೇ ಸಂತ್ರಸ್ತೆಗೆ ಶುಭ್ರ ಬಟ್ಟೆ, ಸ್ನಾನದ ಸಾಮಾನು, ಕಂಬಳಿ ಕೂಡ ಬರೆದಿದ್ದಾರೆ.

ಹದಿನೆಂಟು ತುಂಬದ ಮಕ್ಕಳಿಗೆ ಇನ್ನೂ ಒಂದು ದಾರಿ ಇದೆ. ಪೋಕ್ಸೊ ಕಾಯ್ದೆಯ 2020ರ ನಿಯಮಗಳಲ್ಲಿ 8ನೇ ನಿಯಮ ಓದಿ. ಊಟ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣ ಹಣ ಕೊಡಬೇಕೆಂದು ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು; ಶಿಫಾರಸು ಕೈಸೇರಿದ ಒಂದು ವಾರದೊಳಗೆ ಹಣ ಕೊಡಬೇಕು. ಕೇಸು ಮುಗಿದ ಮೇಲೆ ಬರುವ ಪರಿಹಾರ ಬೇರೆ, ಇದು ಬೇರೆ. ಮಾಗಡಿಯ ಕುದೂರಿನಿಂದಲೋ ತಿಪ್ಪಸಂದ್ರದಿಂದಲೋ, ಕನಕಪುರದ ಕೋಡಿಹಳ್ಳಿಯಿಂದಲೋ ಕೂಲಿ ಬಿಟ್ಟು ಮಗಳನ್ನು ಕರೆದುಕೊಂಡು ಬಸ್ಸು ಬದಲಿಸುತ್ತ ಜಿಲ್ಲಾ ಕೇಂದ್ರಕ್ಕೆ ಓಡಾಡುವ ತಾಯಿಗೆ ಈ ನಿಯಮವನ್ನು ಹೇಳಿದವರು ಯಾರು?

2025ರಲ್ಲಿ ನಮ್ಮ ಜಿಲ್ಲೆಯ ಹೆಸರನ್ನೇ ಬದಲಿಸಿ ಬೆಂಗಳೂರು ದಕ್ಷಿಣ ಮಾಡಿದರು. ಪರ ಒಂದು ಗುಂಪು, ವಿರೋಧ ಒಂದು ಗುಂಪು, ಎರಡೂ ಕಡೆ ಎಷ್ಟು ಮಾತು! ಅದರಲ್ಲಿ ಒಂದು ಪಾಲು ಗಂಟಲನ್ನು ಖರ್ಚು ಮಾಡಿ, ಎಲ್ಲ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಶುಭ್ರ ಬಟ್ಟೆ ಎಷ್ಟು ಜೊತೆ ಇದೆ, ಯಾವ ಅಳತೆಯಲ್ಲಿದೆ, ಬೀಗದ ಕೈ ರಾತ್ರಿ ಪಾಳಿಯಲ್ಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಒಂದು ಉಂಡೆ ಉಲ್ಲನ್‌ಗೆ ಅದಕ್ಕಿಂತ ಹೆಚ್ಚಾಗುತ್ತದೆ.

ಒಂದು ಬಟ್ಟೆ ಏನು ಮಾಡಬಲ್ಲದು ಎಂಬುದನ್ನು ಕರ್ನಾಟಕ ಈಚೆಗೆ ಕಂಡಿದೆ. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅತ್ಯಾಚಾರದ ಅಪರಾಧಿ ಎಂದು ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ತೀರ್ಪು ಕೊಟ್ಟಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ವಿರುದ್ಧ ಮೇಲ್ಮನವಿ ಹೋಗಿದೆ. ದೂರು ಕೊಟ್ಟವರು ಮನೆಗೆಲಸದ ಹೆಂಗಸು. ಆಕೆಯ ಒಂದು ಸೀರೆ ಆ ಕೇಸಿನಲ್ಲಿ ದೊಡ್ಡ ಸಾಕ್ಷ್ಯವಾಯಿತು. ಆಳು ಮನುಷ್ಯಳ ಮಾತನ್ನು ಯಾರು ನಂಬುತ್ತಾರೆ ಎಂದುಕೊಂಡವರ ಮುಂದೆ ಆ ಸೀರೆಯೂ ಮಾತಾಡಿತು.

ಅದೇ ಪ್ರಕರಣದ ಇನ್ನೊಂದು ಮುಖವನ್ನೂ ಹೇಳಬೇಕು. 2024ರ ಏಪ್ರಿಲ್‌ನಲ್ಲಿ, ಲೋಕಸಭೆ ಚುನಾವಣೆಯ ಹೊತ್ತಿಗೆ, ಹಾಸನದಲ್ಲಿ ಪೆನ್‌ಡ್ರೈವ್ ಹಂಚಿದರು. ಹೆಂಗಸರ ಮುಖಗಳನ್ನು ಮರೆಮಾಡದ ವಿಡಿಯೊಗಳು ಮೊಬೈಲಿಂದ ಮೊಬೈಲಿಗೆ ಹರಿದವು. ತೆಗೆದವನು ಒಬ್ಬ, ಹಂಚಿದವರು, ಕೇಳಿ ತರಿಸಿಕೊಂಡವರು, ಊರಿನ ಗ್ರೂಪಿಗೆ ಹಾಕಿದವರು ಎಷ್ಟು ಜನ? ಆ ಹೆಂಗಸರ ಮೇಲೊಂದು ಹೊದಿಕೆ ಎಳೆಯುವುದು ಆಗ ಎಲ್ಲರ ಕೈಯಲ್ಲೂ ಇತ್ತು. ದಾರ ಬೇಕಿರಲಿಲ್ಲ, ಕಡ್ಡಿ ಬೇಕಿರಲಿಲ್ಲ. ಹೆಬ್ಬೆರಳನ್ನು ಸುಮ್ಮನೆ ಇಟ್ಟುಕೊಂಡಿದ್ದರೆ ಸಾಕಿತ್ತು. ಸಂತ್ರಸ್ತೆಯ ಗುರುತು ಸಿಗುವಂತೆ ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. 'ಇಂಥ ಊರಿನ, ಇಂಥವರ ಮಗಳು, ಇಂಥ ಕಾಲೇಜು' ಎಂದು ಬರೆದು ಹೆಸರು ಮಾತ್ರ ಬಿಡುವ ಪತ್ರಿಕೆಯವರಿಗೂ ಯೂಟ್ಯೂಬಿನವರಿಗೂ ಇದೇ ಮಾತು. ಊರಲ್ಲಿ ಅಷ್ಟು ಹೇಳಿದ ಮೇಲೆ ಹೆಸರು ಬೇರೆ ಹೇಳಬೇಕೆ?

ನಮ್ಮ ಕಡೆ ನೊಂದ ಹುಡುಗಿಗೆ ಬಟ್ಟೆ ಸಿಗುವುದು ಒಂದೇ ಸಂದರ್ಭದಲ್ಲಿ. ಸ್ಟೇಷನ್ನಿನಿಂದ ಹೊರಗೆ ಬರುವಾಗ ಯಾರಾದರೂ ದುಪಟ್ಟಾ ಎಳೆದು ಅವಳ ಮುಖದ ಮೇಲೆ ಹಾಕುತ್ತಾರೆ. ಗುರುತು ಕಾಪಾಡಲು ಹಾಕಿದರೆ ಸರಿ. ಆದರೆ ಜೊತೆಗೆ ಬರುವ ಮಾತು ಬೇರೆಯೇ ಇರುತ್ತದೆ: 'ಮಾನ ಹೋಯ್ತು, ತಲೆ ತಗ್ಗಿಸ್ಕೊಂಡು ನಡಿ.' ಮಾನ ಹೋಗಬೇಕಾದವನು ಅರಳಿಕಟ್ಟೆ ಮೇಲೆ ಕಾಲಾಡಿಸಿಕೊಂಡು ಕೂತಿರುತ್ತಾನೆ. ಸಂಜೆಗೆ ಹಿರಿಯರು ಸೇರುತ್ತಾರೆ. 'ಹುಡುಗಿ ಬಾಳು ಹಾಳಾಯ್ತದೆ ಕಣಪ್ಪ, ಊರಲ್ಲೇ ಮುಗಿಸ್ಕೊಳ್ಳಿ.' ಒಂದಿಷ್ಟು ದುಡ್ಡು, ಇಲ್ಲದಿದ್ದರೆ ಅವನಿಗೇ ಕೊಟ್ಟು ಮದುವೆ. ಜಾತಿಯಲ್ಲಿ ಅವನು ಮೇಲಿನವನಾಗಿದ್ದರೆ ಮದುವೆಯ ಮಾತೂ ಇಲ್ಲ, ದುಡ್ಡು ಮಾತ್ರ. ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ದೂರು ಕೊಡದಿರುವುದೇ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ, ಆರು ತಿಂಗಳವರೆಗೆ ಜೈಲಿದೆ. ರಾಜಿ ಮಾಡಿಸಿದ ದೊಡ್ಡವರು ಇದನ್ನು ಒಮ್ಮೆ ಓದಿಕೊಳ್ಳಲಿ. ಇಂಥ ರಾಜಿಗೆ ಕೂತವರೇ ನಾಳೆ ಮಹಿಳಾ ದಿನಾಚರಣೆಯಲ್ಲಿ ಹೆಣೆದ ಶಾಲು ಹೊದಿಸಲು ಮುಂದೆ ಬಂದರೆ ಸಂಘದ ಅಕ್ಕಂದಿರು ಏನು ಮಾಡುತ್ತಾರೆ? ನಮ್ಮ ಪ್ರಶ್ನೆ ಇದೇ. ಶಾಲು ಹೆಣೆದರೆ ಊರಿನಲ್ಲಿ ಯಾರೂ ಸಿಟ್ಟಾಗುವುದಿಲ್ಲ. ರಾಜಿ ಬೇಡ ಎಂದರೆ ಅರ್ಧ ಊರು ಸಿಟ್ಟಾಗುತ್ತದೆ, ಸಂಘದ ಸಾಲಕ್ಕೂ ಕುತ್ತು ಬರಬಹುದು. ಆ ಸಿಟ್ಟನ್ನು ಎದುರಿಸದೆ ಕೊಟ್ಟ ಸಮಾಧಾನವನ್ನು ಅವಳು ಎಷ್ಟು ದಿನ ಹೊದೆಯಬೇಕು?

ದೂರು ಕೊಡಲು ಹೋದರೆ ಯಾವ ಠಾಣೆಯೂ ನಮ್ಮ ಸರಹದ್ದಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಆಸ್ಪತ್ರೆ ಸರ್ಕಾರಿಯಾಗಲಿ ಖಾಸಗಿಯಾಗಲಿ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕು, ನಿರಾಕರಿಸಿದರೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ಎರಡು ಬೆರಳಿನ ಪರೀಕ್ಷೆ ಮಾಡುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಂಡತುಂಡವಾಗಿ ಹೇಳಿದೆ. ಮಹಿಳೆಯರಿಗೆ 181, ಮಕ್ಕಳಿಗೆ 1098. ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.

ಇಷ್ಟಾದ ಮೇಲೂ ಉಳಿಯುವುದು ಜೊತೆಗಿರುವ ಕೆಲಸ. ವೈದ್ಯಕೀಯ ಪರೀಕ್ಷೆಯ ಹೊತ್ತಿನಲ್ಲಿ ಮಗು ನಂಬುವ ಒಬ್ಬರು ಪಕ್ಕದಲ್ಲಿರಲು ಪೋಕ್ಸೊ ಕಾಯ್ದೆ ಅವಕಾಶ ಕೊಟ್ಟಿದೆ, ಕೋರ್ಟಿನಲ್ಲೂ ಕೊಟ್ಟಿದೆ. ಕೇಸು ಮುಗಿಯುವ ತನಕ ನೆರವಾಗಲು ಒಬ್ಬ ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಒದಗಿಸಬೇಕು; 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಅವರಲ್ಲದೆ ತಾವು ನಂಬುವ ಬೇರೆಯವರ ನೆರವನ್ನೂ ಮನೆಯವರು ಪಡೆಯಬಹುದು. ಆ ಬೇರೆಯವರು ನಮ್ಮ ಸಂಘದ ಅಕ್ಕನೇ ಯಾಕಾಗಬಾರದು? ಅದಕ್ಕೆ ಡಿಗ್ರಿ ಬೇಡ. ಬೆಳಗ್ಗೆ ಮೊದಲ ಬಸ್ಸಿಗೆ ಏಳಬೇಕು, ಬುತ್ತಿ ಕಟ್ಟಿಕೊಳ್ಳಬೇಕು, ಆರೋಪಿಯ ಕಡೆಯವರು ಎದುರು ಬೆಂಚಿನಲ್ಲಿ ಗುರಾಯಿಸುತ್ತ ಕೂತಾಗ ಎದ್ದು ಹೋಗಬಾರದು. ಮುಂದಿನ ದಿನಾಂಕ ಕೊಟ್ಟಾಗ ಮತ್ತೆ ಬರಬೇಕು.

ಉಲ್ಲನ್ ಆಗಲೇ ತಂದಿಟ್ಟುಕೊಂಡವರು ಬಿಸಾಡುವುದು ಬೇಡ. ಚೀಲದಲ್ಲಿ ಹಾಕಿಕೊಂಡು ಕೋರ್ಟಿಗೆ ಬನ್ನಿ, ಅವಳ ಪಕ್ಕ ಕೂತು ಹೆಣೆಯಿರಿ. ಒಳಗಿನಿಂದ ಹೆಸರು ಕೂಗುವ ತನಕ ಬೇಕಾದಷ್ಟು ಹೊತ್ತು ಸಿಗುತ್ತದೆ.