ದಾರಿಗೆ ಪೇಟೆಂಟ್ ಇರಲಿ, ಊರಿಗೆ ಬೇಲಿ ಬೇಡ

ಮಕ್ಕಳೇ, ಚನ್ನಪಟ್ಟಣದ ಬೊಂಬೆ ನಿಮಗೆ ಹೊಸದಲ್ಲ. ಆಲೆ ಮರದ ತುಂಡು ತಿರುಗುತ್ತಿರುವಾಗಲೇ ಅದಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಅರಗಿಗೆ ಅರಿಸಿನ ಬೆರೆಸಿದರೆ ಹಳದಿ ಬಣ್ಣ, ಇಂಡಿಗೊ ಬೆರೆಸಿದರೆ ನೀಲಿ ಬಣ್ಣ.

ಈ ಇಂಡಿಗೊ ನೀಲಿ ಗಿಡದ ಎಲೆಯಿಂದ ದೊರೆಯುವ ಸಾವಯವ ಸಂಯುಕ್ತ. ಅದರ ಒಂದು ಅಣುವಿನಲ್ಲಿ ಇಂಗಾಲದ 16, ಜಲಜನಕದ 10, ಸಾರಜನಕದ 2 ಮತ್ತು ಆಮ್ಲಜನಕದ 2 ಪರಮಾಣುಗಳಿವೆ. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1880ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಆ ವಿಧಾನಕ್ಕೆ ಪೇಟೆಂಟ್ ಪಡೆದರು. ಆದರೆ ಆ ವಿಧಾನ ಬಹಳ ದುಬಾರಿಯಾಗಿತ್ತು. ಬಿ.ಎ.ಎಸ್.ಎಫ್. ಕಂಪನಿ ಬೇರೊಂದು ವಿಧಾನದಿಂದ 1897ರಲ್ಲಿ ಕಾರ್ಖಾನೆಯ ಇಂಡಿಗೊವನ್ನು ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ನಮ್ಮ ದೇಶದ ನೀಲಿ ಬೆಳೆಯ ವ್ಯಾಪಾರ ಕುಸಿಯಿತು.

ಗಮನಿಸಿ, ಗಿಡದಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಅಣು ಒಂದೇ. ತಯಾರಾಗುವ ದಾರಿ ಮಾತ್ರ ಬೇರೆ. ಮಾಗಡಿಯಿಂದ ಕನಕಪುರಕ್ಕೆ ರಾಮನಗರದ ಮೇಲೆ ಹೋಗಬಹುದು, ಬೆಂಗಳೂರಿನ ಮೇಲೂ ಹೋಗಬಹುದು. ತಲುಪುವುದು ಕನಕಪುರವನ್ನೇ ಅಲ್ಲವೇ?

ದಾರಿಗೆ ಕೊಡುವ ಪೇಟೆಂಟ್ ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ದುಡಿದು, ಹಣ ಸುರಿದು ದಾರಿ ಕಂಡುಹಿಡಿದವರಿಗೆ ಪ್ರತಿಫಲ ಸಿಗಬೇಕು. ಅದಕ್ಕೆ ಬದಲಾಗಿ ಅವರು ತಮ್ಮ ವಿಧಾನವನ್ನು ಎಲ್ಲರಿಗೂ ತಿಳಿಯುವಂತೆ ಬರೆದುಕೊಡಬೇಕು. ಈಗ ನಮ್ಮಲ್ಲಿ ಪೇಟೆಂಟಿನ ಅವಧಿ 20 ವರ್ಷ. ಅದು ಮುಗಿದ ಮೇಲೆ ಆ ವಿಧಾನವನ್ನು ಯಾರು ಬೇಕಾದರೂ ಬಳಸಬಹುದು.

ಆದರೆ ಊರಿಗೇ ಬೇಲಿ ಹಾಕಿದರೆ? ಭಾರತದ 1970ರ ಪೇಟೆಂಟ್ ಕಾಯಿದೆ ಔಷಧಿಗಳಿಗೆ ದಾರಿಯ ಪೇಟೆಂಟ್ ಮಾತ್ರ ಕೊಡುತ್ತಿತ್ತು. ನಮ್ಮ ರಸಾಯನ ವಿಜ್ಞಾನಿಗಳು ಅದೇ ಔಷಧಿಗೆ ಬೇರೆ ದಾರಿ ಹುಡುಕಿದರು. ಔಷಧಿ ಅಗ್ಗವಾಯಿತು. 2005ರಲ್ಲಿ ಕಾಯಿದೆ ಬದಲಾಯಿತು. ಅಂದಿನಿಂದ ಹೊಸ ಔಷಧಿಗೂ ಪೇಟೆಂಟ್ ಸಿಗುತ್ತದೆ. ಹಾಗಾದಾಗ ಬೇರೆ ದಾರಿ ಗೊತ್ತಿದ್ದರೂ ಪ್ರಯೋಜನವಿಲ್ಲ.

ಸೊರಾಫೆನಿಬ್ ಎಂಬ ಕ್ಯಾನ್ಸರ್ ಔಷಧಿಯ ಕಥೆ ಕೇಳಿ. ಪೇಟೆಂಟ್ ಹೊಂದಿದ್ದ ಕಂಪನಿ ಒಂದು ತಿಂಗಳ ಮಾತ್ರೆಗೆ ಸುಮಾರು 2 ಲಕ್ಷ 80 ಸಾವಿರ ರೂಪಾಯಿ ಕೇಳುತ್ತಿತ್ತು. ಎಷ್ಟು ಮನೆಗಳಿಗೆ ಇದು ಎಟುಕೀತು? 2012ರಲ್ಲಿ ಸರ್ಕಾರದ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಅದನ್ನು ತಯಾರಿಸಲು ಕಡ್ಡಾಯ ಪರವಾನಗಿ ಕೊಟ್ಟಿತು. ಬೆಲೆ ತಿಂಗಳಿಗೆ ಸುಮಾರು 8,800 ರೂಪಾಯಿಗೆ ಇಳಿಯಿತು. ಪೇಟೆಂಟ್ ಪಡೆದವರಿಗೂ ಮಾರಾಟದಲ್ಲಿ ಪಾಲು ಕೊಡಿಸಲಾಯಿತು.

'ಹೀಗೆ ಮಾಡಿದರೆ ಹೊಸ ಔಷಧಿ ಹುಡುಕಲು ಯಾರು ಹಣ ಹಾಕುತ್ತಾರೆ?' ಎಂದು ಕೆಲವರು ಕೇಳುತ್ತಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಬಣ್ಣ ದುಬಾರಿಯಾದರೆ ಬೊಂಬೆ ಕೊಳ್ಳದೆ ಇರಬಹುದು, ಔಷಧಿ ಕೊಳ್ಳದೆ ಇರಲಾದೀತೇ? ಜೀವದ ಪ್ರಶ್ನೆ ಬಂದಾಗ ಬೇಲಿಗೊಂದು ಬಾಗಿಲು ಇರಲೇಬೇಕು. ಕಾಯಿದೆಯಲ್ಲಿ ಆ ಬಾಗಿಲು ಇದೆ. ಬೇಕಾದಾಗ ಅದನ್ನು ತೆರೆಯುವ ಧೈರ್ಯವೂ ಇರಬೇಕು.

ನಿಮಗೆ ಏನನ್ನಿಸುತ್ತದೆ? ತರಗತಿಯಲ್ಲಿ ಎರಡು ಗುಂಪು ಮಾಡಿಕೊಂಡು ಚರ್ಚಿಸಿ. ರಸಾಯನ ವಿಜ್ಞಾನವನ್ನೂ ಚೆನ್ನಾಗಿ ಕಲಿಯಿರಿ. ನಾಳೆ ಒಂದು ಹೊಸ ದಾರಿಯನ್ನು ಹುಡುಕುವವರು ನಿಮ್ಮಲ್ಲೇ ಇರಬಹುದು.