ಮೇ 31ರ ಮರುದಿನ

ನಮ್ಮ ಕಡೆಯ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆರೆದು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಪುಟಪುಟಕ್ಕೂ ಜೂನ್ 1ರಂದು ಹುಟ್ಟಿದ ಮಕ್ಕಳು! ಊರ ತಾಯಂದಿರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆತ್ತರೆಂದಲ್ಲ. ಮಗನನ್ನು ಕರೆತಂದ ಅಪ್ಪ, ‘ಕಾರಹುಣ್ಣಿವಿ ಆಸುಪಾಸು ಹುಟ್ಟ್ಯಾನ್ರೀ, ಆ ವರ್ಷ ಮಳಿ ಚಲೋ ಆಗಿತ್ತು’ ಎನ್ನುತ್ತಿದ್ದ. ಹುಡುಗನ ಬಲಗೈ ತಲೆಯ ಮೇಲಿಂದ ಹಾದು ಎಡಗಿವಿಯನ್ನು ಮುಟ್ಟಿದರೆ, ಹೆಡ್‌ಮಾಸ್ತರರು ಶಾಲೆ ಶುರುವಾಗುವ ತಾರೀಖನ್ನೇ ಹುಟ್ಟಿದ ತಾರೀಖೆಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು.

ಆ ಒಂದು ಸಾಲಿನ ಲೆಕ್ಕ 60 ವರ್ಷದ ಮೇಲೆ ಚುಕ್ತಾ ಆಗುತ್ತದೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ವಯಸ್ಸು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಒಂದನೇ ತಾರೀಖು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನ. ಹೀಗಾಗಿ ಮೇ 31 ಬಂತೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸುಗ್ಗಿ. ಮರುದಿನ ಹೊತ್ತು ಮೂಡುವಾಗ ನಿನ್ನೆಯವರೆಗೆ ಗಂಟೆಯ ತಾಳಕ್ಕೆ ಬದುಕಿದ ಮನುಷ್ಯ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಜೋರಾಗಿ ಓಡುತ್ತಿದ್ದ ಬಸ್ಸಿಗೆ ತಟ್ಟನೆ ಬ್ರೇಕ್ ಹಾಕಿದರೆ ಒಳಗಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರೆ, ಇದು ಜಡತ್ವ ಎಂದು ಒಂಬತ್ತನೇ ತರಗತಿಗೆ ಎಷ್ಟು ವರ್ಷ ಪಾಠ ಹೇಳಿದ್ದೇನೋ! ಆ ಬಸ್ಸಿನಲ್ಲಿ ನಾನೂ ಇದ್ದೇನೆಂಬುದು ಹೊಳೆದದ್ದು ಇತ್ತೀಚೆಗೆ. ನನ್ನ ದಾಖಲೆಯಲ್ಲಿಯೂ ಜೂನ್ 1 ಎಂದೇ ಇದೆ. ಇನ್ನೆರಡು ವರ್ಷ.

ಈ ಮಾತು ಎತ್ತಲು ಕಾರಣವಿದೆ. ಹಿಂದೊಮ್ಮೆ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗನೊಬ್ಬ ಈಗ ನ್ಯೂಯಾರ್ಕ್ ಕಡೆ ಸ್ವಂತದ್ದೊಂದು ಸಣ್ಣ ವ್ಯವಹಾರ ನಡೆಸುತ್ತಾನೆ. ಹೋದ ತಿಂಗಳು ಫೋನ್ ಮಾಡಿದ್ದ. ‘ಸರ, ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬಾರದು. ರಿಟೈರ್ ಆದ ಮ್ಯಾಲೆ ನನ್ನ ಕೆಲಸ ಒಂಚೂರು ನೋಡಿಕೊಂತೀರೇನ್ರೀ? ಬಂದ ಪತ್ರಕ್ಕ ಉತ್ತರ ಬರೆಯೋದು, ಬಿಲ್ಲು ಹೊಂದಿಸೋದು, ಯಾರನ್ನ ಯಾವಾಗ ಭೇಟಿ ಆಗಬೇಕು ಅಂತ ನೆನಪು ಮಾಡೋದು. ಮನ್ಯಾಗ ಕುಂತು ಮಾಡೋದು ಸರ, ದಿನಕ್ಕ ಎರಡು ಮೂರು ತಾಸು.’

ನನಗೆ ಸಿಟ್ಟು ಬರಲಿಲ್ಲ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮನೆಯಾಕೆಗೆ ಬಂತು. ‘ಅಲ್ರೀ, ಈ ವಯಸ್ಸಿನಾಗ ನಿಮ್ಮ ಕೈಯಾಗ ಕಲಿತ ಹುಡುಗನ ಹತ್ರ ಗುಮಾಸ್ತಕಿ ಮಾಡ್ತೀರೇನು?’

ಹುಡುಗ ಹೇಳಿದ ಕೆಲಸಕ್ಕೆ ‘ವರ್ಚುವಲ್ ಅಸಿಸ್ಟೆಂಟ್’ ಎಂಬ ಹೆಸರಿದೆ. ಎದುರಿಗಿಲ್ಲದೆ, ಕಂಪ್ಯೂಟರ್ ಮತ್ತು ಫೋನಿನ ಮೂಲಕವೇ ಇನ್ನೊಬ್ಬರ ಕಚೇರಿ ಕೆಲಸ ನೋಡಿಕೊಳ್ಳುವ ಸಹಾಯಕ. ಇದರ ಒಂದು ಬೇರು ನಮ್ಮ ಬೆಂಗಳೂರಿನಲ್ಲಿಯೇ ಇದೆ. ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯಾಗಿದ್ದ ವಿವೇಕ ಕುಲಕರ್ಣಿಯವರು ಸರ್ಕಾರಿ ಸೇವೆ ಬಿಟ್ಟ ಮೇಲೆ ಕಟ್ಟಿದ ಬ್ರಿಕ್‌ವರ್ಕ್ ಎಂಬ ಸಂಸ್ಥೆ ದೂರದ ದೇಶಗಳ ಜನರಿಗೆ ಇಂಥ ಸಹಾಯಕರನ್ನು ಒದಗಿಸುತ್ತಿತ್ತು. 2005ರಲ್ಲಿ ಅಮೆರಿಕದ ‘ಎಸ್ಕ್ವೈರ್’ ಪತ್ರಿಕೆಯ ಲೇಖಕ ಎ. ಜೆ. ಜೇಕಬ್ಸ್ ತನ್ನ ದೈನಂದಿನ ಕೆಲಸಗಳನ್ನೆಲ್ಲ ಬೆಂಗಳೂರಿನವರ ಕೈಗೆ ಒಪ್ಪಿಸಿ ಆ ಅನುಭವವನ್ನು ಬರೆದ. ಮಾಹಿತಿ ಹುಡುಕುವುದರಿಂದ ಹಿಡಿದು ಹೆಂಡತಿಯೊಡನೆ ನಡೆದ ಜಗಳದ ಉತ್ತರವನ್ನು ಸಹ ಬೆಂಗಳೂರಿನಿಂದಲೇ ಬರೆಸಿದ ಪುಣ್ಯಾತ್ಮ! (ನಮ್ಮ ಮನೆಯಲ್ಲಿ ಆ ಪ್ರಯೋಗ ನಡೆಯದು.) ಆಗ ಅದು ದೊಡ್ಡ ಕಚೇರಿಯ ಕೆಲಸವಾಗಿತ್ತು. 2020ರ ಕೊರೊನಾ ಬಂದು ಜನ ಮನೆಯಿಂದಲೇ ದುಡಿಯಲು ಕಲಿತ ಮೇಲೆ ಒಂಟಿಯಾಗಿ ಮಾಡುವವರೂ ಹೆಚ್ಚಿದರು.

ಆದರೆ ಹೆಸರು ಹೊಸದಾದರೂ ಕಸುಬು ಹೊಸದೇನಲ್ಲ. ನಾನು ಚಿಕ್ಕವನಿದ್ದಾಗ ಊರಿನ ಮಾಸ್ತರರ ಮನೆಯ ಪಡಸಾಲೆಯಲ್ಲಿ ಸಂಜೆ ಒಬ್ಬರಲ್ಲ ಒಬ್ಬರು ಕುಳಿತಿರುತ್ತಿದ್ದರು. ಮಿಲಿಟರಿಯಲ್ಲಿರುವ ಮಗನಿಗೆ ಕಾಗದ ಬರೆಯಬೇಕು, ಮುಂಬೈಗೆ ದುಡಿಯಲು ಹೋದವನಿಂದ ಬಂದ ಕಾಗದ ಓದಬೇಕು, ಮನಿಆರ್ಡರ್ ಫಾರಂ ತುಂಬಬೇಕು, ತಹಸೀಲ್ದಾರರಿಗೆ ಅರ್ಜಿ ಬರೆಯಬೇಕು. ಯಾರ ಮನೆಯ ಸಾಲ ಎಷ್ಟು, ಯಾರ ಸೊಸೆ ತವರಿಗೆ ಹೋಗಿ ಕುಳಿತಳು, ಎಲ್ಲವೂ ಆ ಮಾಸ್ತರರ ಕಣ್ಣ ಮುಂದೆ ಹಾದುಹೋಗುತ್ತಿತ್ತು. ಒಂದು ಮಾತೂ ಹೊರಗೆ ಬೀಳುತ್ತಿರಲಿಲ್ಲ. ಜನ ಅವರ ಬಳಿಗೆ ಬರುತ್ತಿದ್ದುದು ಅಕ್ಷರ ದುಂಡಗಿದ್ದುದಕ್ಕಲ್ಲ, ಬಾಯಿ ಗಟ್ಟಿ ಇದ್ದುದಕ್ಕೆ. ಮನೆಯಾಕೆಗೆ ಇದನ್ನು ಹೇಳಿದೆ. ‘ಅವರು ರೊಕ್ಕ ತಗೊಂತಿದ್ದಿಲ್ಲಲ್ರೀ’ ಎಂದಳು. ಉತ್ತರ ಹೊಳೆಯಲಿಲ್ಲ.

ರೊಕ್ಕದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸೇವೆಯಲ್ಲಿರುವ ತನಕ ನಾನು ಈ ಕೆಲಸ ಮುಟ್ಟುವಂತಿಲ್ಲ. ಸರ್ಕಾರಿ ನೌಕರ ಅನುಮತಿಯಿಲ್ಲದೆ ಬೇರೆ ಉದ್ಯೋಗ ಮಾಡಬಾರದೆಂದು ನಡತೆ ನಿಯಮಗಳು ಹೇಳುತ್ತವೆ. ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮೇ ಇದೆ. ನಿವೃತ್ತಿಯಾದ ಮೇಲೆ ನನಗೆ ಪಿಂಚಣಿ ಉಂಟು, ಅನ್ನಕ್ಕೆ ತೊಂದರೆಯಿಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದ ಗೆಳೆಯರು ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿಬಿದ್ದ ಹೊಸ ಪಿಂಚಣಿ ಯೋಜನೆಯವರು. ಅನುದಾನವಿಲ್ಲದ ಶಾಲೆಗಳಲ್ಲಿ ಜೀವ ಸವೆಸಿದವರ ಕಥೆ ಕೇಳುವುದೇ ಬೇಡ. ನನಗೆ ಹೊತ್ತು ಕಳೆಯುವ ದಾರಿಯಾದದ್ದು ಅವರಿಗೆ ಹೊಟ್ಟೆಯ ದಾರಿ. ಈ ಅಂಕಣ ಓದುವ ಮಕ್ಕಳಲ್ಲಿ ಹಲವರ ಅಪ್ಪ ಅಮ್ಮಂದಿರು ಈ ಸಾಲಿನವರೇ.

‘ಎಷ್ಟು ಕೊಡಬೇಕು ಹೇಳ್ರಿ ಸರ’ ಎಂದು ಹುಡುಗ ಕೇಳಿದಾಗ ನಾನು ತಬ್ಬಿಬ್ಬಾದೆ. ಇಷ್ಟು ವರ್ಷ ನನ್ನ ಬೆಲೆಯನ್ನು ವೇತನ ಆಯೋಗ ನಿರ್ಧರಿಸಿದೆ. ನನ್ನ ಒಂದು ತಾಸಿಗೆ ಎಷ್ಟು ಎಂದು ನಾನೇ ಬಾಯಿಬಿಟ್ಟು ಹೇಳಿದ್ದಿಲ್ಲ. ಎಂಟಾಣೆಗೆ ಚೌಕಾಶಿ ಮಾಡಿ ಬದನೆಕಾಯಿ ತರುವವನು ತನ್ನನ್ನು ತಾನು ತೂಗಲಾರದೆ ಹೋದ! ಮಾಸ್ತರಿಕೆಯವರೆಲ್ಲ ಇದನ್ನು ಮುಂಚೆಯೇ ಯೋಚಿಸಿಟ್ಟುಕೊಳ್ಳುವುದು ಲೇಸು. ಸಂಕೋಚಕ್ಕೆ ಒಪ್ಪಿಕೊಂಡ ಪುಕ್ಕಟೆ ಕೆಲಸಕ್ಕೆ ಮಿತಿಯಿರುವುದಿಲ್ಲ. ಇಬ್ಬರಿಗೂ ಕೇಳುವ ಹಕ್ಕಿರುವುದಿಲ್ಲ.

ಇನ್ನು ಹೊತ್ತಿನ ಲೆಕ್ಕ. ಮಕ್ಕಳೇ, ಇಲ್ಲಿ ನಿಮ್ಮ ಭೂಗೋಳ ಪುಸ್ತಕ ಬೇಕಾಗುತ್ತದೆ. ಭಾರತದ ಗಡಿಯಾರವೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿಗೆ ನಡೆಯುತ್ತದೆ. ನಮ್ಮ ಮಾಗಳ ಇರುವುದು ಸುಮಾರು 76 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ 4 ನಿಮಿಷದಂತೆ ಸರಾಸರಿ 26 ನಿಮಿಷದ ವ್ಯತ್ಯಾಸ. ಗಡಿಯಾರ ಹನ್ನೆರಡು ಹೊಡೆದಾಗ ನಮ್ಮ ಸೂರ್ಯನಾರಾಯಣನ ಗುಡಿಯ ನೆತ್ತಿಗೆ ಸೂರ್ಯ ಇನ್ನೂ ಬಂದಿರುವುದಿಲ್ಲ. 26 ನಿಮಿಷವನ್ನು ಮೈ ಸಹಿಸಿಕೊಳ್ಳುತ್ತದೆ. ಆದರೆ ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ತಾಸು, ಚಳಿಗಾಲದಲ್ಲಿ ಹತ್ತೂವರೆ ತಾಸು ಹಿಂದೆ. ಅಲ್ಲಿನ ಕಚೇರಿ ಬೆಳಿಗ್ಗೆ 9ಕ್ಕೆ ತೆರೆದರೆ ಇಲ್ಲಿ ಸಂಜೆ ಆರೂವರೆ ಅಥವಾ ಏಳೂವರೆ. ಅಲ್ಲಿ 5ಕ್ಕೆ ಮುಚ್ಚಿದಾಗ ಇಲ್ಲಿ ನಡುರಾತ್ರಿ ಕಳೆದು ಎರಡೂವರೆಯೋ ಮೂರೂವರೆಯೋ ಆಗಿರುತ್ತದೆ.

ನಮ್ಮ ದೇಹದ ಜೀವಕೋಶಗಳೊಳಗೆ ಒಂದು ಗಡಿಯಾರವಿದೆ. ಅದು ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣಗಳಲ್ಲಿ ಪತ್ತೆಹಚ್ಚಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರದ ಮುಳ್ಳನ್ನು ತಿದ್ದುವುದು ಬೆಳಕು. ರಾತ್ರಿ ಎರಡರವರೆಗೆ ಪರದೆಯ ಬೆಳಕು ನೋಡುತ್ತ ಕುಳಿತರೆ ಮೈ ಹಗಲೆಂದು ಮೋಸಹೋಗುತ್ತದೆ. ಇಪ್ಪತ್ತರ ಹುಡುಗ ನಾಲ್ಕು ದಿನ ತಡೆದಾನು. ಮೊದಲೇ ನಿದ್ದೆ ತೆಳುವಾಗುವ ಅರವತ್ತರ ವಯಸ್ಸಿಗೆ ಅದು ಒಗ್ಗದು. ಅದಕ್ಕೇ ಹುಡುಗನಿಗೆ ಹೇಳಿದೆ: ‘ನೀನು ಮಲಗಿದಾಗ ನಾನು ಮಾಡ್ತೀನಿ, ನಾನು ಮಲಗಿದಾಗ ನೀನು ನೋಡ್ಕೊ.’ ಬೇಸಿಗೆಯಲ್ಲಿ ಅವನು ಬೆಳಿಗ್ಗೆ 7ಕ್ಕೆ ಏಳುವಾಗ ಇಲ್ಲಿ ಸಂಜೆ ನಾಲ್ಕೂವರೆ. ನನ್ನ ಕೆಲಸ ಅಷ್ಟರಲ್ಲಿ ಸಿದ್ಧವಿರುತ್ತದೆ. ದೂರವೇ ಇಲ್ಲಿ ಅನುಕೂಲ.

ಕಣ್ಣಿನ ವಿಷಯ ಬೇರೆ ಹೇಳಬೇಕಿಲ್ಲ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿದು, ಹತ್ತಿರದ್ದು ಮಸುಕಾಗಿ, ಪೀನ ಮಸೂರದ ಕನ್ನಡಕ ಬರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಬೇಕು. ನೋಡಲು ನಮಗೇನು ಕಡಿಮೆ? ತುಂಗಭದ್ರೆಯ ದಂಡೆಯಿದೆ.

ಇದನ್ನೆಲ್ಲ ಓದಿ ‘ಮನೆಯಲ್ಲೇ ಕುಳಿತು ಸಾವಿರಾರು ಗಳಿಸಿ’ ಎಂಬ ಸಂದೇಶಗಳ ಬೆನ್ನು ಹತ್ತಬೇಡಿ ಎಂದು ಮಕ್ಕಳಿಗೂ ತಂದೆತಾಯಿಗಳಿಗೂ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಕೆಲಸ ಕೊಡುವವನು ಸಂಬಳ ಕೊಡುತ್ತಾನೆ, ಮೊದಲೇ ನೋಂದಣಿ ಶುಲ್ಕ ಕೇಳುವುದಿಲ್ಲ. ಕೇಳಿದನೆಂದರೆ ಅವನ ಕೆಲಸವೇ ಅದು. ಕೆಲವರು ಟೈಪು ಮಾಡಿಸಿಕೊಂಡು, ತಪ್ಪು ಬಂತೆಂದು ವಕೀಲರ ನೋಟಿಸಿನ ಹೆಸರಲ್ಲಿ ಹೆದರಿಸಿ ದುಡ್ಡು ಕೀಳುತ್ತಾರೆ. ಇನ್ನೂ ಕೆಟ್ಟದ್ದು, ‘ನಿನ್ನ ಬ್ಯಾಂಕ್ ಖಾತೆ ಬಳಸಲು ಕೊಡು, ಕಮಿಷನ್ ಕೊಡುತ್ತೇವೆ’ ಎಂದು ಕಾಲೇಜು ಹುಡುಗರನ್ನು ಒಲಿಸುವುದು. ವಂಚನೆಯ ಹಣ ಆ ಖಾತೆಯಲ್ಲಿ ಹಾದುಹೋದರೆ ಪೊಲೀಸರು ಮೊದಲು ಬರುವುದು ಹುಡುಗನ ಮನೆಗೇ. ಮೋಸವಾದದ್ದು ತಿಳಿದೊಡನೆ 1930ಕ್ಕೆ ಫೋನ್ ಮಾಡಬೇಕು. ನಾಚಿಕೆಪಟ್ಟು ಒಂದು ದಿನ ತಡಮಾಡಿದರೆ ಹಣ ಹತ್ತು ಕೈ ದಾಟಿರುತ್ತದೆ.

‘ಈಗ ಪತ್ರವನ್ನು ಕೃತಕ ಬುದ್ಧಿಮತ್ತೆಯೇ ಬರೀತೈತಲ್ಲ ಸರ, ನಿಮ್ಮನ್ನ ಯಾಕ ಕೇಳಿದಾ?’ ಎಂದು ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಾನು ಅದನ್ನೇ ಅವನಿಗೆ ದಾಟಿಸಿದೆ. ಪತ್ರ ಅದೇ ಬರೆಯುತ್ತದೆಂದು ಅವನೂ ಒಪ್ಪಿದ. ಆದರೆ ಯಾವ ಪತ್ರಕ್ಕೆ ಇವತ್ತು ಉತ್ತರ ಕೊಡಬಾರದು, ಯಾವ ಗಿರಾಕಿಯ ಮಾತಿನಲ್ಲಿ ಸಿಟ್ಟು ಅಡಗಿದೆ, ಯಾವ ಬಿಲ್ಲಿನಲ್ಲಿ ಒಂದು ಸೊನ್ನೆ ಹೆಚ್ಚಾಗಿದೆ ಎಂದು ನೋಡಲು ಒಬ್ಬರು ಬೇಕಂತೆ. ‘ನಮ್ಮ ಉತ್ತರಪತ್ರಿಕಿ ತಿದ್ದುವಾಗ ನೀವು ಅರ್ಧ ಮಾರ್ಕ್ಸೂ ಬಿಡ್ತಿದ್ದಿಲ್ಲಲ್ರೀ ಸರ’ ಎಂದ. ಬೆಂಚು ಹತ್ತಿಸಿದ್ದರ ಸೇಡೋ ಗೌರವವೋ ತಿಳಿಯಲಿಲ್ಲ. ಏನೇ ಇರಲಿ, ಬರಿ ಟೈಪು ಬಲ್ಲವರಿಗೆ ಈ ಕಸುಬಿನಲ್ಲಿ ಇನ್ನು ಜಾಗ ಕಡಿಮೆಯೆಂಬುದು ಮಾತ್ರ ಖರೆ.

ಹಾಗೆಂದು ನಾನು ಸುಮ್ಮನೆ ಕುಳಿತಿಲ್ಲ. ಮಕ್ಕಳ ವಿವರಗಳನ್ನು ಕಂಪ್ಯೂಟರಿಗೆ ತುಂಬುವಾಗಲೆಲ್ಲ ಗೊಣಗುತ್ತಿದ್ದವನು ಈಗ ಎಕ್ಸೆಲ್ ಹಾಳೆಯ ಲೆಕ್ಕಗಳನ್ನು ಗಮನವಿಟ್ಟು ಕಲಿಯುತ್ತಿದ್ದೇನೆ. ಕಲಿಸುವವಳು ಅದೇ ಪ್ರಶ್ನೆ ಕೇಳಿದ ಹುಡುಗಿ. ವಾರಕ್ಕೆರಡು ಸಂಜೆ ಬರುತ್ತಾಳೆ, ನಾನು ತಪ್ಪು ಗುಂಡಿ ಒತ್ತಿದರೆ ‘ಅದಲ್ರೀ ಸರ’ ಎಂದು ಜೋರು ಮಾಡುತ್ತಾಳೆ.

ಮೊನ್ನೆ ಶಾಲೆಗೆ ಹೊರಡುವಾಗ ಮನೆಯಾಕೆ ಬುತ್ತಿ ಕೈಗೆ ಕೊಡುತ್ತ ಕೇಳಿದಳು, ‘ಆ ಹುಡುಗಗ ಏನಂತ ಹೇಳಿದ್ರಿ?’

‘ಇನ್ನೂ ಹೇಳಿಲ್ಲ’ ಎಂದೆ.

‘ತಾಸಿಗೆ ಇಷ್ಟು ಅಂತ ಮೊದಲ ಹೇಳಿಬಿಡ್ರಿ. ನೀವು ಸಂಕೋಚದ ಮನುಷ್ಯಾರು. ಬೇಕಾದ್ರ ಫೋನ್ ನನಗ ಕೊಡ್ರಿ, ನಾನು ಹೇಳ್ತೀನಿ.’

ಗಡಿಯಾರ ನೋಡಿದೆ. ಒಂಬತ್ತೂವರೆ. ‘ಈಗ ಬ್ಯಾಡ, ಅಲ್ಲಿ ನಡುರಾತ್ರಿ’ ಎಂದು ಹೇಳಿ ಹೊರಟೆ.